ಅಪ್‌ಡೇಟ್: ಪೋರ್ಕ್ ಶೋಲ್ಡರ್ ಸ್ಮೋಕ್ ಮಾಡಿಯಾಯಿತು, ತುಂಬಾ ಚೆನ್ನಾಗಿ ಬಂತು

ನಾರ್ತ್ ಕ್ಯಾರೊಲಿನಾದ ಮನೆ ಹಿತ್ತಲಲ್ಲಿ ಮೊದಲ ಸಲ ಪೋರ್ಕ್ ಶೋಲ್ಡರ್ (ಹಂದಿಯ ಭುಜದ ಮಾಂಸ) ಸ್ಮೋಕ್ ಮಾಡುತ್ತಿದ್ದೇನೆ, ಅಂದರೆ ಕಟ್ಟಿಗೆ ಹೊಗೆಯಲ್ಲಿ ನಿಧಾನವಾಗಿ ಬೇಯಿಸುತ್ತಿದ್ದೇನೆ, ಮಾಂಸದ ಬಿಸಿ ಮಧ್ಯದಲ್ಲಿ ಏರದೆ ನಿಂತರೆ ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮೂಳೆ ಇರುವ ತುಂಡನ್ನೇ ತಂದೆ. ಹಿಂದಿನ ರಾತ್ರಿ ಉಪ್ಪು, ಕರಿಮೆಣಸು, ಪ್ಯಾಪ್ರಿಕಾ ಸವರಿ ಫ್ರಿಜ್‌ನಲ್ಲಿ ಇಟ್ಟೆ. ಹಿಕರಿ ಕಟ್ಟಿಗೆ, ಸ್ಮೋಕರ್ ಸುಮಾರು 110 ಡಿಗ್ರಿ ಸೆಲ್ಸಿಯಸ್.

ನೀವು ಹೇಳಿದ ಹಾಗೇ, ಮಾಂಸದ ಒಳಗಿನ ಬಿಸಿ 70 ಡಿಗ್ರಿ ಹತ್ತಿರ ನಿಂತುಬಿಟ್ಟಿತು. ಗಂಟೆಗಟ್ಟಲೆ ಏರಲೇ ಇಲ್ಲ. ಮೇಲಿನ ತೇವ ಆವಿಯಾಗುತ್ತಾ ಮಾಂಸವನ್ನು ತಣ್ಣಗೆ ಮಾಡುತ್ತದೆ, ಬೆವರಿದಾಗ ನಮ್ಮ ಮೈಗೆ ಆಗುವ ಹಾಗೆ. ಕಾರಣ ಗೊತ್ತಿದ್ದರಿಂದ ಸುಮ್ನೆ ಬೆಂಕಿ ಜಾಸ್ತಿ ಮಾಡಲಿಲ್ಲ. ಹೊರಪದರ ಕಡು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಬುಚರ್ ಪೇಪರ್ (ಮಾಂಸ ಸುತ್ತುವ ದಪ್ಪ ಕಾಗದ) ಸುತ್ತಿದೆ. ಬಿಸಿ ಮತ್ತೆ ಏರತೊಡಗಿತು.

ಒಳಗಿನ ಬಿಸಿ 95 ಡಿಗ್ರಿ ಆಗುವವರೆಗೆ ಕಾಯಿರಿ ಎಂದು ನೀವು ಹೇಳಿದ್ದು ಎಷ್ಟು ಸರಿ! ಅಷ್ಟರಲ್ಲಿ ಮಾಂಸವನ್ನು ಗಟ್ಟಿಯಾಗಿ ಹಿಡಿದಿಡುವ ಕೊಲಾಜೆನ್ ಕರಗಿ, ಮೆತ್ತನೆಯ ಜೆಲಟಿನ್ ಆಗಿರುತ್ತದೆ. ಮೂಳೆ ಎಳೆದರೆ ಸಲೀಸಾಗಿ ಈಚೆ ಬಂತು. ಒಂದು ಗಂಟೆ ಹಾಗೇ ಬಿಟ್ಟು, ಆಮೇಲೆ ಕೈಯಲ್ಲೇ ಎಳೆಎಳೆಯಾಗಿ ಬಿಡಿಸಿದೆ.

ಸಾಸ್ ಇಲ್ಲಿನ ಪೂರ್ವ ಭಾಗದವರದ್ದು: ವಿನೆಗರ್, ಒಣಮೆಣಸು, ಉಪ್ಪು. ಟೊಮೆಟೊ ಇಲ್ಲ. ಸ್ವಲ್ಪ ಸಾಸ್ ಬೇರೆ ತೆಗೆದು ಕೊಡಗಿನ ಕಾಚಂಪುಳಿಯನ್ನೂ ಬೆರೆಸಿದೆ. ಪಂದಿ ಕರಿಗೆ (ಕೊಡಗಿನ ಹಂದಿ ಮಾಂಸದ ಸಾರು) ಹಾಕುವುದೂ ಅದೇ ಹುಳಿ, ಅಲ್ವಾ? ಹೊಗೆಯ ಘಮಕ್ಕೆ ಅದು ಎಷ್ಟು ಚೆನ್ನಾಗಿ ಒಗ್ಗಿತೆಂದರೆ, ಮನೆಯವರೆಲ್ಲ ಆ ಬಟ್ಟಲನ್ನೇ ಮೊದಲು ಖಾಲಿ ಮಾಡಿದರು.

ಮುಂದಿನ ಸಲ ಓಕ್ ಕಟ್ಟಿಗೆ ಬಳಸುವ ಆಸೆ. ಮಾಡಿ ನೋಡಿದವರು ಇದ್ದರೆ ತಿಳಿಸಿ.