ಅಪ್‌ಡೇಟ್: ಮಲ್ಪೆಯ ಹಳೆಯ ಫೈಬರ್ ದೋಣಿ ತಪಾಸಣೆ ಮಾಡಿಸಿದೆ

ಮಲ್ಪೆಯಲ್ಲಿ ಒಂದು ಹಳೆಯ ಫೈಬರ್ ನಾಡದೋಣಿ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್) ಸಮೇತ ಮಾರಾಟಕ್ಕಿದೆ, ಕೊಳ್ಳುವ ಮೊದಲು ಏನೇನು ನೋಡಬೇಕು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ನಿಮ್ಮ ಮಾತು ನಿಜಕ್ಕೂ ಉಪಯೋಗಕ್ಕೆ ಬಂತು.

ದೋಣಿಯನ್ನು ದಡಕ್ಕೆ ಎಳೆಸಿ, ಫೈಬರ್ ಕೆಲಸ ಬಲ್ಲವರೊಬ್ಬರಿಗೆ ತೋರಿಸಿದೆ. ಅವರು ಸಣ್ಣ ಸುತ್ತಿಗೆಯಿಂದ ತಳವನ್ನೆಲ್ಲ ತಟ್ಟುತ್ತಾ ಬಂದರು. ಗಟ್ಟಿ ಇದ್ದ ಕಡೆ ಟಣ್ ಎನ್ನುತ್ತಿತ್ತು. ಹಿಂದೆ ಎಂಜಿನ್ ಕೂರಿಸುವ ಹಲಗೆಯ ಹತ್ತಿರ ಸದ್ದು ಮಂದವಾಯಿತು. ಅಲ್ಲಿ ಒಂದು ಬೋಲ್ಟ್ ಬಿಚ್ಚಿದರೆ ಕಂದು ನೀರು ಒಸರಿತು. ಫೈಬರ್ ಒಳಗಿನ ಮರ ನೀರು ಕುಡಿದು ಮೆತ್ತಗಾಗಿದೆ. ಮೇಲೆ ಹೊಸ ಪೇಂಟ್ ಇದ್ದುದರಿಂದ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ! ಎಂಜಿನ್‌ನ ಭಾರ, ಅದು ದೋಣಿಯನ್ನು ನೂಕುವ ಬಲ ಎರಡೂ ಬೀಳುವುದು ಇದೇ ಹಲಗೆಯ ಮೇಲೆ. ನಡುಸಮುದ್ರದಲ್ಲಿ ಅದು ಕಿತ್ತುಬಂದರೆ ಜೀವಕ್ಕೇ ಅಪಾಯ, ಅಲ್ವಾ?

ಎಂಜಿನ್ ಮಾತ್ರ ಚೆನ್ನಾಗಿದೆ. ನೀರು ತುಂಬಿದ ಡ್ರಮ್‌ನಲ್ಲಿಟ್ಟು, ಪೂರ್ತಿ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿದೆ. ಮೊದಲೇ ಬಿಸಿ ಮಾಡಿಟ್ಟರೆ ಸ್ಟಾರ್ಟಿಂಗ್ ತೊಂದರೆ ಗೊತ್ತಾಗುವುದಿಲ್ಲ. ಕೂಲಿಂಗ್ ನೀರಿನ ಧಾರೆ ಸರಿಯಾಗಿ ಬಂತು. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ, ಅಂದರೆ ಸೀಲ್ ದಾಟಿ ನೀರು ಒಳಗೆ ಹೋಗಿಲ್ಲ. ಎರಡೂ ಸಿಲಿಂಡರ್‌ಗಳ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದಾಗ ಒಳಗೆ ಏರುವ ಒತ್ತಡ, ಹೆಚ್ಚುಕಡಿಮೆ ಸಮ ಇದೆ. ಕಾಗದಪತ್ರದಲ್ಲಿದ್ದ ನೋಂದಣಿ ಸಂಖ್ಯೆಯೂ ದೋಣಿಯ ಮೇಲಿನ ಸಂಖ್ಯೆಯೂ ಒಂದೇ.

ಹಲಗೆ ಬದಲಿಸಿಕೊಡಲು ಮಾಲೀಕರು ಒಪ್ಪಿದ್ದಾರೆ. ಹೊಸ ಮರ ಕೂರಿಸಿ, ಮೇಲೆ ಫೈಬರ್ ಹಾಕುವ ಮೊದಲು ನಾನೇ ಹೋಗಿ ನೋಡುತ್ತೇನೆ. ಆಮೇಲೆ ಜನ, ಬಲೆ ಎಲ್ಲ ಹೇರಿಕೊಂಡು ಫುಲ್ ಥ್ರಾಟಲ್‌ನಲ್ಲಿ ಓಡಿಸಿ ನೋಡಬೇಕು. ಅಲ್ಲಿಯವರೆಗೆ ಮುಂಗಡ ಕೊಡುವುದಿಲ್ಲ.