ಕಾಯುತ್ತಿರುವವರಿಗಾಗಿ ನಾಲ್ಕು ವಾರದ ಮನೆಕೂಟ: ಯಾವ ಭಾಗ ಓದಬೇಕು, ಯಾವುದು ಬೇಡ?

ತುಂಗಾತೀರ
ತೀರ್ಥಹಳ್ಳಿ ಸುತ್ತಿನ ಕೆಲವು ಮನೆಗಳು ಸೇರಿ ನಡೆಸುವ ಪ್ರಾರ್ಥನಾ ಕೂಟಕ್ಕೆ ಸಲಹೆ ಬೇಕು. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ವಾರ "ದೇವರಿಗಾಗಿ ಕಾಯುವುದು" ಎಂಬ ವಿಷಯ ತೆಗೆದುಕೊಳ್ಳುತ್ತಿದ್ದೇವೆ. ಬರುವವರಲ್ಲಿ ನೇಮಕಾತಿ ಪಟ್ಟಿಗೆ ಕಾಯುವ ಹುಡುಗರಿದ್ದಾರೆ, ಮಕ್ಕಳಾಗದ ದಂಪತಿ ಇದ್ದಾರೆ, ಚಿಕಿತ್ಸೆಗೆ ಮಣಿಪಾಲಕ್ಕೆ ಓಡಾಡುವವರಿದ್ದಾರೆ. "ತಾಳ್ಮೆಯಿಂದಿರಿ, ತಕ್ಕ ಕಾಲಕ್ಕೆ ಕೊಡುತ್ತಾನೆ" ಎಂಬ ಮಾತು ಕೇಳಿ ಕೇಳಿ ಎಲ್ಲರಿಗೂ ಸಾಕಾಗಿದೆ. ಅಬ್ರಹಾಮನಿಂದ ಶುರು ಮಾಡೋಣವೇ? ಕಾಯುವುದಕ್ಕೂ ಸುಮ್ಮನೆ ಕೈಕಟ್ಟಿ ಕೂರುವುದಕ್ಕೂ ಇರುವ ವ್ಯತ್ಯಾಸ ಹೇಗೆ ತೋರಿಸುವುದು? ಕೊನೆಕೊಯ್ಲಿನ ಸಮಯ, ಅಡಿಕೆ ಸುಲಿಯುವುದು ರಾತ್ರಿವರೆಗೂ ಇರುತ್ತದೆ. ಒಂದು ಗಂಟೆಗಿಂತ ಹೆಚ್ಚು ಸಿಗುವುದಿಲ್ಲ.

ಕೀರ್ತನೆ_130
ಅಬ್ರಹಾಮ ಎರಡನೇ ವಾರಕ್ಕಿರಲಿ. ಮೊದಲ ವಾರ ಬೈಬಲಿನ 13ನೇ ಕೀರ್ತನೆ ತೆಗೆದುಕೊಳ್ಳಿ. ಇರುವುದು ಆರೇ ವಚನ. ಮೊದಲ ಎರಡು ವಚನದಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ, 3-4ರಲ್ಲಿ ಬೇಡಿಕೆ, 5-6ರಲ್ಲಿ ಭರವಸೆ. ಒಬ್ಬರು ನಿಧಾನವಾಗಿ ಓದಲಿ, ಎರಡನೇ ಸಲ ಎಲ್ಲರೂ ಸೇರಿ ಓದಿ. ಆಮೇಲೆ ಐದು ನಿಮಿಷ ಮೌನ. ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟು, ದೇವರಿಗೆ ತಮ್ಮದೇ ಒಂದು "ಎಷ್ಟರವರೆಗೆ" ಬರೆಯಲು ಹೇಳಿ. ಓದಿ ಹೇಳಿ ಎಂದು ಯಾರನ್ನೂ ಒತ್ತಾಯಿಸಬೇಡಿ.

ಸಾಮಾನ್ಯವಾಗಿ ಕೆಡುವುದು ಎಲ್ಲಿ ಗೊತ್ತೇ? ಮುಂದಾಳು ಅವಸರ ಮಾಡಿ ಐದನೇ ವಚನಕ್ಕೆ ಹಾರಿಬಿಡುತ್ತಾರೆ. ಆಗ ಜನ ತಮ್ಮ ಸಂಕಟ ನುಂಗಿಕೊಂಡು ಬಾಯಲ್ಲಿ ಸ್ತೋತ್ರ ಹೇಳಿ ಮನೆಗೆ ಹೋಗುತ್ತಾರೆ. ಮೊದಲೆರಡು ವಚನಕ್ಕೇ ಅರ್ಧ ಸಮಯ ಕೊಡಿ. ಅಂಥ ದೂರು ಅವಿಶ್ವಾಸವಲ್ಲವೇ ಎಂದು ಯಾರಾದರೂ ಕೇಳಿದರೆ 88ನೇ ಕೀರ್ತನೆ ತೋರಿಸಿ. ಅದು ಕೊನೆಗೂ ಸ್ತೋತ್ರಕ್ಕೆ ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ, ಏಕೆಂದರೆ ಅಷ್ಟೂ ಮಾತು ದೇವರ ಎದುರಿಗೇ ಆಡಿದ್ದು.

ಬೆಟ್ಟದ_ದಾರಿ
ಕೈಕಟ್ಟಿ ಕೂರುವ ಪ್ರಶ್ನೆಗೆ ಯೋಸೇಫನಷ್ಟು ಒಳ್ಳೆಯ ಉತ್ತರ ಬೇರೆ ಇಲ್ಲ. 17ನೇ ವಯಸ್ಸಿನಲ್ಲಿ ಅವನ ಕಥೆ ಶುರು, ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ 30 (ಆದಿಕಾಂಡ 37:2, 41:46). ಸೆರೆಯಲ್ಲಿದ್ದಾಗ, ಬಿಡುಗಡೆಯಾಗಲಿದ್ದ ಅರಸನ ಪಾನದಾಯಕನಿಗೆ "ನನ್ನನ್ನು ನೆನಪಿಟ್ಟು ಫರೋಹನಿಗೆ ಹೇಳು" ಎಂದು ಬಾಯಿಬಿಟ್ಟು ಕೇಳಿಕೊಂಡ (40:14). ಕೇಳಿದ್ದು ತಪ್ಪು ಎಂದು ಗ್ರಂಥ ಎಲ್ಲೂ ಹೇಳುವುದಿಲ್ಲ. ಆತ ಮರೆತ, ಮತ್ತೆ ಎರಡು ಪೂರ್ತಿ ವರ್ಷ ಸೆರೆ. ಅರ್ಜಿ ಹಾಕುವುದು, ಕಚೇರಿಯಲ್ಲಿ ವಿಚಾರಿಸುವುದು, ವೈದ್ಯರ ಮಾತ್ರೆ ತಪ್ಪದೆ ನುಂಗುವುದು, ಇವು ಯಾವುವೂ ಕಾಯುವಿಕೆಗೆ ವಿರುದ್ಧವಲ್ಲ.

ವಿರುದ್ಧವಾದದ್ದು ಯಾವುದು ಎಂದು ತೋರಿಸಲು 1 ಸಮುವೇಲ 13 ಓದಿ. ಅರಸ ಸೌಲ ಏಳು ದಿನ ಕಾದ, ಪ್ರವಾದಿ ಸಮುವೇಲ ಬರಲಿಲ್ಲ. ಕೊನೆಗೆ ಸಮುವೇಲ ಅರ್ಪಿಸಬೇಕಿದ್ದ ಸರ್ವಾಂಗಹೋಮ ತಾನೇ ಅರ್ಪಿಸಿದ, ಮುಗಿಯುತ್ತಿದ್ದಂತೆ ಸಮುವೇಲ ಬಂದ. ಜನ ಚದುರುತ್ತಿದ್ದರು, ನೀನು ಬರಲಿಲ್ಲ, ಶತ್ರುಗಳು ಮಿಕ್ಮಾಷಿನಲ್ಲಿ ಕೂಡಿಬಂದರು ಎಂದು ಸೌಲ ಕೊಟ್ಟ ಮೂರೂ ಕಾರಣ ನಿಜವೇ! ಅಬ್ರಹಾಮನ ಮನೆಯಲ್ಲೂ ಹೀಗೇ ಆಯಿತು. ಸಂತಾನ ಕೊಡುವೆನೆಂಬ ದೇವರ ಮಾತು ನಂಬಿ ಹೊರಟಾಗ 75, ಹೆಂಡತಿ ಸಾರಳ ದಾಸಿ ಹಾಗರಳಲ್ಲಿ ಇಷ್ಮಾಯೇಲ ಹುಟ್ಟಿದಾಗ 86, ಸಾರಳಲ್ಲೇ ಇಸಾಕ ಹುಟ್ಟಿದಾಗ 100. ನಡುವೆ ಮಾಡಿಕೊಂಡ ಸ್ವಂತ ಏರ್ಪಾಡಿನ ನೋವು ಬಿದ್ದದ್ದು ಹಾಗರಳ ಮೇಲೆ. ಆದ್ದರಿಂದ ಯಾವುದೇ ಏರ್ಪಾಡಿಗೆ ಮುಂಚೆ ಕೇಳಿಕೊಳ್ಳಬೇಕಾದದ್ದು ಎರಡು: ಇದು ನನ್ನ ಪಾಲಿನ ಕೆಲಸವೇ? ಇದರ ನೋವು ಯಾರ ಮೇಲೆ ಬೀಳುತ್ತದೆ?

ಕೂಟದಲ್ಲಿ ಒಂದು ಹಾಳೆಗೆ ನಡುವೆ ಗೆರೆ ಎಳೆಸಿ. ಎಡಕ್ಕೆ ಈ ವಾರ ನಾನು ಮಾಡಬಲ್ಲದ್ದು, ಬಲಕ್ಕೆ ನನ್ನ ಕೈಯಲ್ಲಿಲ್ಲದ್ದು. ಎಡಗಡೆ ಮೂರಕ್ಕಿಂತ ಹೆಚ್ಚು ಬೇಡ, ಹೆಚ್ಚಾದರೆ ಯಾವುದೂ ನಡೆಯುವುದಿಲ್ಲ. ಪ್ರಾರ್ಥನೆ ಎರಡೂ ಕಡೆಗೂ ಇರಲಿ.

ಶರಾವತಿ_ಸೀಮೆ
ಮೇಲಿನ ಉತ್ತರ ಒಪ್ಪುತ್ತೇನೆ, ಆದರೆ ಅಬ್ರಹಾಮನ ವಿಷಯದಲ್ಲಿ ಎಚ್ಚರ. ಮಕ್ಕಳಿಲ್ಲದ ದಂಪತಿ ಎದುರಿಗೆ ಕೂತಿರುವಾಗ ಸಾರಳು, ಹನ್ನಳು, ಎಲಿಸಬೇತಳು ಎಂದು ಸಾಲಾಗಿ ಹೇಳಿದರೆ ಸಾಂತ್ವನವಾಗುವುದಿಲ್ಲ. ಆ ಮೂವರಿಗೂ ಕೊನೆಗೆ ಮಗ ಹುಟ್ಟಿದ. ಕೇಳುವವರ ಮನಸ್ಸಿಗೆ ಬರುವುದು "ಹಾಗಾದರೆ ನಮ್ಮಲ್ಲೇ ಏನು ಕೊರತೆ?" ಎಂಬ ಪ್ರಶ್ನೆ. ಅಬ್ರಹಾಮನನ್ನು ಬಿಟ್ಟು ಯೋಸೇಫ, ಸೌಲ ಇಬ್ಬರನ್ನೇ ಓದಿದರೂ ಆ ವಾರಕ್ಕೆ ಸಾಕು. ಮೂರನೇ ವಾರ 2 ಕೊರಿಂಥ 12 ಓದಿ. ಪೌಲ ಮೂರು ಸಾರಿ ಬೇಡಿಕೊಂಡ, ಅವನನ್ನು ಕಾಡುತ್ತಿದ್ದ ಶರೀರದ ಶೂಲವನ್ನು ದೇವರು ತೆಗೆಯಲಿಲ್ಲ, ಕೃಪೆ ಸಿಕ್ಕಿತು. ಇಬ್ರಿಯ 11:39 ಕೂಡ ಸೇರಿಸಿ. ನಂಬಿಕೆಗೆ ಹೆಸರಾದ ಅಷ್ಟೂ ಜನ ವಾಗ್ದಾನದ ಫಲ ಹೊಂದಲಿಲ್ಲ ಎಂದು ಅಲ್ಲಿ ನೇರವಾಗಿಯೇ ಇದೆ.

ಒಳ್ಳೆಯ ಭವಿಷ್ಯದ ಭರವಸೆ ಕೊಡುವ ಯೆರೆಮೀಯ 29:11ನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಎತ್ತಲಿ, ಆದರೆ ಐದನೇ ವಚನದಿಂದ ಓದಿಸಿ. ಅದು ಬಾಬೆಲಿನ ಸೆರೆಯವರಿಗೆ ಬರೆದ ಪತ್ರ: ಮನೆ ಕಟ್ಟಿ, ತೋಟ ಮಾಡಿ, ಬಿಡುಗಡೆಗೆ 70 ವರ್ಷ. ಕೇಳಿದವರಲ್ಲಿ ಬಹಳ ಜನ ಅದನ್ನು ಕಣ್ಣಾರೆ ಕಾಣುವಂತಿರಲಿಲ್ಲ. ಅದರ ಹಿಂದಿನ ಅಧ್ಯಾಯದಲ್ಲೇ ಹನನ್ಯ ಎಂಬಾತ "ಎರಡೇ ವರ್ಷ" ಎಂದು ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದಾನೆ. "ಮುಂದಿನ ಕ್ರಿಸ್ಮಸ್ ಹೊತ್ತಿಗೆ ತೊಟ್ಟಿಲು ತೂಗುತ್ತೀರಿ" ಎಂದು ಕೂಟದಲ್ಲಿ ಯಾರೂ ಹೇಳಕೂಡದು. ಇದನ್ನು ಮೊದಲ ದಿನವೇ ತಿಳಿಸಿಬಿಡಿ.

ಇನ್ನೊಂದು. ನಮ್ಮೂರುಗಳಲ್ಲಿ ಪ್ರಾರ್ಥನಾ ವಿನಂತಿ ಬೆಳಗಾಗುವಷ್ಟರಲ್ಲಿ ಪೇಟೆ ಸುದ್ದಿಯಾಗುತ್ತದೆ. ವಿನಂತಿಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಚೀಟಿಗಳನ್ನು ಬರೆದವರೇ ಮನೆಗೆ ಒಯ್ಯಲಿ.

ತುಂಗಾತೀರ
ತುಂಬಾ ಉಪಕಾರ. ಸಾರಳ ವಿಷಯ ನಮಗೆ ಹೊಳೆದೇ ಇರಲಿಲ್ಲ. ಕೊನೆಯ ವಾರಕ್ಕೆ ಯಾಕೋಬ 5:7, ಮಳೆಗೆ ಕಾಯುವ ರೈತನ ಭಾಗ ಸರಿಹೋಗುತ್ತದೆಯೇ? ಬರುವವರೆಲ್ಲ ತೋಟ, ಗದ್ದೆಯವರೇ.

ಬೆಟ್ಟದ_ದಾರಿ
ಸರಿಹೋಗುತ್ತದೆ, ಆದರೆ ನಮ್ಮ ಮಳೆಯನ್ನು ತಲೆಯಲ್ಲಿಟ್ಟುಕೊಂಡು ಓದಿದರೆ ದಾರಿ ತಪ್ಪುತ್ತದೆ. ನಮ್ಮ ಮುಂಗಾರು ಜೂನ್‌ನಿಂದ ಸೆಪ್ಟೆಂಬರ್, ಆಗುಂಬೆಯಲ್ಲಂತೂ ವರ್ಷದ ಸರಾಸರಿ 7,000 ಮಿ.ಮೀ. ದಾಟುತ್ತದೆ. ಇಲ್ಲಿಯ ತೋಟದವರಿಗೆ ಮಳೆ ಹೆಚ್ಚಾಗಿ ಕೊಳೆರೋಗ ಬಂದೀತೆಂಬ ಭಯ. ಯಾಕೋಬನ ರೈತನ ನಾಡಿನಲ್ಲಿ ಬೇಸಿಗೆಯಿಡೀ ಒಣಗು. ಅಕ್ಟೋಬರ್-ನವೆಂಬರ್‌ನ ಮೊದಲ ಮಳೆ ಬಿದ್ದರೆ ಗಟ್ಟಿಯಾದ ನೆಲ ಸಡಿಲಾಗಿ ಉಳುಮೆ, ಬಿತ್ತನೆ. ಮಾರ್ಚ್-ಏಪ್ರಿಲ್‌ನ ಕೊನೆಯ ಮಳೆ ಬಂದರೆ ತೆನೆಯಲ್ಲಿ ಕಾಳು ತುಂಬುತ್ತದೆ. ಎರಡರಲ್ಲಿ ಒಂದು ಕೈಕೊಟ್ಟರೂ ಆ ವರ್ಷದ ರೊಟ್ಟಿಗೇ ಕುತ್ತು. ಇಷ್ಟು ವಿವರಿಸಿದರೆ ಗದ್ದೆಯವರಿಗೆ ಉಳಿದದ್ದು ತಾನೇ ಅರ್ಥವಾಗುತ್ತದೆ.

ಕೀರ್ತನೆ_130
ಒಂಬತ್ತನೇ ವಚನ ಬಿಡಬೇಡಿ, ಎಂಟಕ್ಕೇ ನಿಲ್ಲಿಸುವವರು ಬಹಳ. ತಾಳ್ಮೆಯ ಮಾತಿನ ಬೆನ್ನಿಗೇ ಯಾಕೋಬ ಒಬ್ಬರ ಮೇಲೊಬ್ಬರು ಗೊಣಗಬೇಡಿರಿ ಎನ್ನುತ್ತಾನೆ. ಕಾಯುವ ಮನೆಯಲ್ಲಿ ಆಗುವುದೇ ಇದು. ದೇವರ ಮುಂದೆ ಹೇಳದೆ ಉಳಿದ ದೂರು ಹೆಂಡತಿಯ ಮೇಲೆ, ಅಪ್ಪನ ಮೇಲೆ, ಅತ್ತೆಯ ಮೇಲೆ ಬೀಳುತ್ತದೆ. ಆ ದಿನ ಮೊದಲ ವಾರದ ಚೀಟಿ ತರಲು ಹೇಳಿ. ಅದರ ಹಿಂಬದಿಯಲ್ಲಿ, ಈ ಕಾಯುವಿಕೆಯ ಸಿಟ್ಟನ್ನು ತಾನು ಯಾರ ಮೇಲೆ ತೀರಿಸಿಕೊಂಡೆ ಎಂದು ಒಂದು ಹೆಸರು ಬರೆಯಲಿ. ಜೋರಾಗಿ ಓದುವುದು ಬೇಡ. ಹದಿನೈದು ನಿಮಿಷ ಮುಂಚೆ ಕೂಟ ಮುಗಿಸಿಬಿಡಿ, ಆ ಹೆಸರಿನವರು ಅಲ್ಲೇ ಇದ್ದರೆ ಮಾತಾಡಲು ಹೊತ್ತು ಸಿಗಲಿ.