ಒಂದೇ ಜಾಬ್, ಮೂರು ಮೇಲ್: ಲಾರಾವೆಲ್ ಕ್ಯೂ ತಲೆ ತಿಂತಿದೆ

ಅರೆನಿದ್ರೆ:
ಮೂರು ದಿನದಿಂದ ಇದರ ಹಿಂದೆ ಬಿದ್ದಿದೀನಿ, ಸಾಕಾಗಿ ಹೋಗಿದೆ. ನಮ್ಮ ಆ್ಯಪ್ ಇರೋದು ಲಾರಾವೆಲ್‌ನಲ್ಲಿ (ಪಿಎಚ್‌ಪಿ ಫ್ರೇಮ್‌ವರ್ಕ್). ಗ್ರಾಹಕರ ತಿಂಗಳ ವರದಿಯನ್ನ ಪಿಡಿಎಫ್ ಮಾಡಿ ಮೇಲ್ ಕಳಿಸೋ ಜಾಬ್ ಒಂದಿದೆ, ಅಂದ್ರೆ ಕ್ಯೂನಲ್ಲಿ ನಿಂತು ಹಿನ್ನೆಲೆಯಲ್ಲಿ ಓಡೋ ಕೆಲಸ. ಕಂಟ್ರೋಲರ್‌ನಲ್ಲಿ ಡಿಸ್ಪ್ಯಾಚ್ ಆಗೋದು (ಕ್ಯೂಗೆ ಸೇರೋದು) ಒಂದೇ ಸಲ, ಲಾಗ್ ಹಾಕಿ ನೋಡಿದೀನಿ. ಆದ್ರೂ ಕೆಲವರಿಗೆ ಅದೇ ಮೇಲ್ ಎರಡು ಸಲ, ಕೆಲವರಿಗೆ ಮೂರು ಸಲ ಹೋಗ್ತಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಏನೂ ತೊಂದರೆ ಇಲ್ಲ. ಫೇಲ್ಡ್ ಜಾಬ್ಸ್ ಟೇಬಲ್ (ಸೋತ ಜಾಬ್‌ಗಳ ಪಟ್ಟಿ) ಖಾಲಿ. ಲಾರಾವೆಲ್‌ನಲ್ಲೇ ಬಗ್ ಇದೆಯಾ?

ಹಳೇಸರ್ವರ್:
ಡಿಪ್ಲಾಯ್ ಆದ್ಮೇಲೆ (ಹೊಸ ಕೋಡ್ ಸರ್ವರ್‌ಗೆ ಹಾಕಿದ್ಮೇಲೆ) ಕ್ಯೂ:ರೀಸ್ಟಾರ್ಟ್ ಕಮಾಂಡ್ ಕೊಟ್ರಾ? ಕ್ಯೂ:ವರ್ಕ್, ಅಂದ್ರೆ ಜಾಬ್ ಎತ್ತಿ ಓಡಿಸೋ ವರ್ಕರ್, ಒಂದು ಸಲ ಶುರುವಾದ್ರೆ ಕೋಡನ್ನೆಲ್ಲ ಮೆಮೊರಿಯಲ್ಲಿ ಇಟ್ಕೊಂಡು ಕೂತಿರತ್ತೆ. ನೀವು ಫೈಲ್ ಬದಲಾಯಿಸಿದ್ದು ಅದಕ್ಕೆ ಗೊತ್ತೇ ಆಗಲ್ಲ. ಹತ್ತರಲ್ಲಿ ಒಂಬತ್ತು ಸಲ ಇದೇ ಕತೆ.

ಅರೆನಿದ್ರೆ:
ಡಿಪ್ಲಾಯ್ ಸ್ಕ್ರಿಪ್ಟ್‌ನಲ್ಲೇ ಇದೆ ಸರ್.

ಹಳೇಸರ್ವರ್:
ಸ್ಕ್ರಿಪ್ಟ್‌ನಲ್ಲಿ ಇರೋದು ಬೇರೆ, ಕೆಲಸ ಆಗೋದು ಬೇರೆ. ಆ ಕಮಾಂಡ್ ಯಾವ ವರ್ಕರನ್ನೂ ಕೊಲ್ಲಲ್ಲ. ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಒಂದು ಗುರುತು ಬರೆದಿಟ್ಟು ಸುಮ್ಮನಾಗತ್ತೆ. ವರ್ಕರ್ ಕೈಲಿರೋ ಜಾಬ್ ಮುಗಿಸಿ, ಗುರುತು ನೋಡಿ, ತಾನಾಗೇ ನಿಲ್ಲಬೇಕು. ಕ್ಯಾಶ್ ಡ್ರೈವರ್ ಅರೇ (ಮೆಮೊರಿಯಲ್ಲಿ ಮಾತ್ರ ಇರೋದು) ಅಂತಿದ್ರೆ ಆ ಗುರುತು ಅಲ್ಲೇ ಆವಿ. ಕ್ಯಾಶ್ ಡ್ರೈವರ್ ಯಾವುದು?

ಅರೆನಿದ್ರೆ:
ಫೈಲ್. ಸರ್ವರ್ ಒಂದೇ. ಸೂಪರ್‌ವೈಸರ್ (ವರ್ಕರ್‌ಗಳನ್ನ ಓಡಿಸಿ, ನಿಂತ್ರೆ ಮತ್ತೆ ಎಬ್ಬಿಸೋ ಪ್ರೋಗ್ರಾಂ) ಲಾಗ್‌ನಲ್ಲಿ ವರ್ಕರ್ ನಿಂತು ಮತ್ತೆ ಏಳೋದು ಕಾಣ್ತಿದೆ.

ಹಳೇಸರ್ವರ್:
ಯಾವ ಯೂಸರ್ ಹೆಸರಲ್ಲಿ ಓಡ್ತಿದೆ? ಡಿಪ್ಲಾಯ್ ಯೂಸರ್ ಬರೆದ ಫೈಲನ್ನ ವರ್ಕರ್ ಓದೋಕಾಗದೇ ಇರಬಹುದು. ಪರ್ಮಿಶನ್ ನೋಡಿ.

ರೆಡಿಸ್‌ಬಂಟ:
ಅಣ್ಣಾ, ನಿಂತು ಏಳ್ತಿದೆ ಅಂದ್ರಲ್ಲ, ರೀಸ್ಟಾರ್ಟ್ ವಿಷಯ ಬಿಡಿ. ಡೇಟಾಬೇಸ್ ಕ್ಯೂ ತಾನೇ, ಒಂದು ಜಾಬ್‌ಗೆ ಟೇಬಲ್‌ನಲ್ಲಿ ಒಂದು ಸಾಲು? ಅಲ್ಲೇ ಇರೋದು ರೋಗ. ಇಬ್ಬರು ವರ್ಕರ್ ಒಂದೇ ಸಾಲನ್ನ ಎತ್ಕೊಳ್ತಿದಾರೆ. ರೆಡಿಸ್‌ಗೆ (ಮೆಮೊರಿಯಲ್ಲಿ ಓಡೋ ಡೇಟಾ ಸ್ಟೋರ್) ಬನ್ನಿ, ಅದರ ಕ್ಯೂ ನೋಡ್ಕೊಳ್ಳೋಕೆ ಲಾರಾವೆಲ್‌ನ ಹಾರಿಜನ್ ಹಾಕಿ. ನಂದು 24 ವರ್ಕರ್, ಮೂರು ಕ್ಯೂ, ಆಟೋ ಬ್ಯಾಲೆನ್ಸ್, ಒಂದು ದಿನ ಕಿರಿಕ್ ಇಲ್ಲ.

ಲಾಗ್‌ಓದುಗ:
ಒಂದೇ ಸಾಲನ್ನು ಒಂದೇ ಕ್ಷಣದಲ್ಲಿ ಇಬ್ಬರು ಎತ್ತೋಕಾಗಲ್ಲ. ಡೇಟಾಬೇಸ್ ಡ್ರೈವರ್ ಟ್ರಾನ್ಸಾಕ್ಷನ್ ಒಳಗೆ ಲಾಕ್ ಹಾಕಿಯೇ ಸಾಲು ತೆಗೆಯೋದು. ಪೋಸ್ಟ್‌ಗ್ರೆಸ್ 9.5ರಿಂದ ಈಚೆಗೆ, ಮೈಎಸ್‌ಕ್ಯೂಎಲ್ 8.0.1ರಿಂದ ಈಚೆಗೆ ಸ್ಕಿಪ್ ಲಾಕ್ಡ್ (ಬೇರೆಯವರು ಲಾಕ್ ಹಾಕಿದ ಸಾಲು ಬಿಟ್ಟು ಮುಂದಿನದು ತೆಗೆಯೋದು) ಕೂಡ ಬಳಸುತ್ತೆ. ಡೇಟಾಬೇಸ್ ಕ್ಯೂ ಅಂದ್ರೆ ಆಟಿಕೆ ಅನ್ನೋ ಮಾತು ಸಾಕು. ಲಾರಾವೆಲ್ 11ರಿಂದ ಅದೇ ಡೀಫಾಲ್ಟ್.

ರೆಡಿಸ್‌ಬಂಟ:
ಡೀಫಾಲ್ಟ್ ಆದ ಮಾತ್ರಕ್ಕೆ ಒಳ್ಳೇದು ಅಂತಲ್ಲ. ಲೋಡ್ ಬಿದ್ದಾಗ ಜಾಬ್ಸ್ ಟೇಬಲ್ ಏನಾಗತ್ತೆ ಅಂತ ನೋಡಿದವರಿಗೇ ಗೊತ್ತು.

ಲಾಗ್‌ಓದುಗ:
ಅವರ ಲೋಡ್ ಎಷ್ಟು ಅಂತ ನಿಮಗೆ ಹೇಗೆ ಗೊತ್ತು? ಹೇಳೇ ಇಲ್ಲವಲ್ಲ. @ಅರೆನಿದ್ರೆ, ಒಬ್ಬ ಗ್ರಾಹಕರಿಗೆ ಹೋದ ಮೂರು ಮೇಲ್‌ಗಳ ಸಮಯ ಕೊಡಿ, ಸೆಕೆಂಡ್ ಸಮೇತ. ಸೂಪರ್‌ವೈಸರ್ ಕಾನ್ಫಿಗ್ ಕೂಡ.

ಚಿಕ್ಕಅಕ್ಷರ:
ಜಾಬ್ ಕ್ಲಾಸ್‌ಗೆ ಶುಡ್‌ಬಿಯೂನಿಕ್ (ಅದೇ ಜಾಬ್ ಕ್ಯೂನಲ್ಲಿ ಎರಡು ಸಲ ಸೇರದಂತೆ ಮಾಡೋದು) ಹಾಕಿದ್ರೆ ಮುಗೀತಲ್ವಾ?

ಅರೆನಿದ್ರೆ:
@ಚಿಕ್ಕಅಕ್ಷರ, ಹಾಕಿದೆ, ಪ್ರಯೋಜನ ಆಗಲಿಲ್ಲ.
ಸಮಯ: 10:04:12, 10:05:43, 10:07:15.
ಸೂಪರ್‌ವೈಸರ್: ನಮ್‌ಪ್ರಾಕ್ಸ್=3 (ಮೂರು ವರ್ಕರ್). ಕಮಾಂಡ್: ಕ್ಯೂ:ವರ್ಕ್ ಡೇಟಾಬೇಸ್ --ಟ್ರೈಸ್=3 --ಟೈಮ್‌ಔಟ್=600 (ಹೆಚ್ಚಂದ್ರೆ ಮೂರು ಪ್ರಯತ್ನ, ಒಂದಕ್ಕೆ 600 ಸೆಕೆಂಡ್).
ಹಾಂ, ಹೇಳೋದು ಮರೆತೆ. ದೊಡ್ಡ ಗ್ರಾಹಕರಿಗೆ ಮಾತ್ರ ಹೀಗಾಗೋದು. ಅವರ ಪಿಡಿಎಫ್‌ಗೆ ನಾಲ್ಕು ನಿಮಿಷ ಹಿಡಿಯತ್ತೆ. ಮೊದಲು ಅರ್ಧಕ್ಕೇ ಸಾಯ್ತಿತ್ತು, ಅದಕ್ಕೇ ಟೈಮ್‌ಔಟ್ 600 ಮಾಡಿದ್ದು.

ಲಾಗ್‌ಓದುಗ:
ಇದನ್ನ ಮೊದಲನೇ ಪೋಸ್ಟ್‌ನಲ್ಲೇ ಬರೆಯಬಾರದಿತ್ತಾ ಮಾರಾಯ್ರೆ!

ಮೇಲ್‌ಗಳ ನಡುವಿನ ಅಂತರ ನೋಡಿ: 91 ಸೆಕೆಂಡ್, 92 ಸೆಕೆಂಡ್. ಕಾನ್ಫಿಗ್ ಫೋಲ್ಡರ್‌ನ ಕ್ಯೂ ಫೈಲಲ್ಲಿ ರಿಟ್ರೈ_ಆಫ್ಟರ್ ಅಂತಿದೆಯಲ್ಲ, ಅದರ ಡೀಫಾಲ್ಟ್ 90. ವರ್ಕರ್ ಜಾಬ್ ಎತ್ತಿದಾಗ ಆ ಸಾಲಿಗೆ ರಿಸರ್ವ್ಡ್_ಅಟ್ ಬೀಳುತ್ತೆ. 90 ಸೆಕೆಂಡ್ ಕಳೆದರೂ ಸಾಲು ಅಳಿಸಿಲ್ಲ ಅಂದರೆ, ಎತ್ತಿಕೊಂಡವನು ಸತ್ತಿದ್ದಾನೆ ಅಂತ ಕ್ಯೂ ತೀರ್ಮಾನ ಮಾಡಿ ಮುಂದಿನ ವರ್ಕರ್‌ಗೆ ಕೊಡುತ್ತೆ. ನಿಮ್ಮ ಮೊದಲನೇ ವರ್ಕರ್ ಇನ್ನೂ ಪಿಡಿಎಫ್ ಮಾಡ್ತಾ ಇದ್ದಾನೆ, 90ನೇ ಸೆಕೆಂಡಿಗೆ ಎರಡನೆಯವನು ಶುರು, 180ಕ್ಕೆ ಮೂರನೆಯವನು. ಮೂವರೂ ತಮ್ಮ ಪಾಡಿಗೆ ಮುಗಿಸಿ ಮೇಲ್ ಕಳಿಸ್ತಾರೆ. ಉಳಿದ ಒಂದೆರಡು ಸೆಕೆಂಡ್ ಖಾಲಿ ವರ್ಕರ್ ಮಲಗೋ ಸಮಯ, ಅದರ ಡೀಫಾಲ್ಟ್ 3. ಒಂದೂವರೆಯಿಂದ ಮೂರು ನಿಮಿಷದ ಒಳಗೆ ಮುಗಿಯೋ ಜಾಬ್‌ಗೆ ಎರಡು ಮೇಲ್, ಅದಕ್ಕಿಂತ ಹೆಚ್ಚಾದ್ರೆ ಮೂರು.

ಯಾವ ಪ್ರಯತ್ನವೂ ಸೋತಿಲ್ಲ, ಹಾಗಾಗಿ ಫೇಲ್ಡ್ ಜಾಬ್ಸ್ ಖಾಲಿ. ಲ್ಯಾಪ್‌ಟಾಪ್‌ನಲ್ಲಿ ಬಹುಶಃ ಒಂದೇ ವರ್ಕರ್ ಓಡಿಸ್ತೀರಿ. ಅವನು ಜಾಬ್ ಮುಗಿಸಿ ಸಾಲು ಅಳಿಸೋ ತನಕ ಎತ್ತೋಕೆ ಇನ್ನೊಬ್ಬ ಇರಲ್ಲ. ಶುಡ್‌ಬಿಯೂನಿಕ್ ತಡೆಯೋದು ಡಿಸ್ಪ್ಯಾಚನ್ನ. ಇಲ್ಲಿ ಎರಡನೇ ಡಿಸ್ಪ್ಯಾಚೇ ಆಗಿಲ್ಲ.

ಟೈಮ್‌ಔಟ್ ಯಾವಾಗಲೂ ರಿಟ್ರೈ_ಆಫ್ಟರ್‌ಗಿಂತ ಕೆಲವು ಸೆಕೆಂಡ್ ಕಡಿಮೆ ಇರಬೇಕು. ರಿಟ್ರೈ_ಆಫ್ಟರ್ 660 ಮಾಡಿ. ಸೂಪರ್‌ವೈಸರ್‌ನ ಸ್ಟಾಪ್‌ವೇಟ್‌ಸೆಕ್ಸ್ (ವರ್ಕರ್ ತಾನಾಗೇ ನಿಲ್ಲೋಕೆ ಅದು ಕಾಯೋ ಸೆಕೆಂಡ್) ಕೂಡ 600ಕ್ಕಿಂತ ಹೆಚ್ಚಿರಲಿ, ಇಲ್ಲಾಂದ್ರೆ ಅದು ನಿಲ್ಲಿಸುವಾಗ ಜಾಬನ್ನ ಅರ್ಧದಲ್ಲೇ ಕೊಲ್ಲುತ್ತೆ.

ರೆಡಿಸ್‌ಬಂಟ:
ನಾನು ಹೇಳಿದ್ದೂ ಅದೇ ಅಲ್ವಾ, ಬೇರೆ ಬೇರೆ ವರ್ಕರ್ ಒಂದೇ ಸಾಲು ಎತ್ಕೊಳ್ತಿದಾರೆ ಅಂತ.

ಲಾಗ್‌ಓದುಗ:
ರೆಡಿಸ್ ಕನೆಕ್ಷನ್‌ನಲ್ಲೂ ರಿಟ್ರೈ_ಆಫ್ಟರ್ ಇದೆ, ಅಲ್ಲೂ 90. ನಿಮ್ಮ ಮಾತು ಕೇಳಿದ್ದರೆ ಎರಡು ದಿನ ಕೆಲಸ ಮಾಡಿ ಅದೇ ಮೂರು ಮೇಲ್ ನೋಡ್ತಿದ್ದರು.

ಅರೆನಿದ್ರೆ:
660 ಮಾಡಿದೆ. ಈಗಲೂ ಮೂರು ಮೇಲ್ ಬಂತು 😭

ಹಳೇಸರ್ವರ್:
ಹೇಗೆ ಬದಲಾಯಿಸಿದ್ರಿ?

ಅರೆನಿದ್ರೆ:
ನೇರ ಸರ್ವರ್‌ನಲ್ಲೇ ಫೈಲ್ ತೆಗೆದು ಬದಲಾಯಿಸಿದೆ. ಒಂದು ಅಂಕಿ ತಾನೇ, ಇದಕ್ಕೆ ಡಿಪ್ಲಾಯ್ ಯಾಕೆ ಅಂತ.

ಹಳೇಸರ್ವರ್:
ಹಾಗಾದ್ರೆ ಕಾನ್ಫಿಗ್:ಕ್ಯಾಶ್ (ಕಾನ್ಫಿಗನ್ನ ಮತ್ತೆ ಓದಿ ಕ್ಯಾಶ್ ಮಾಡೋ ಕಮಾಂಡ್) ಆಗಿಲ್ಲ, ಕ್ಯೂ:ರೀಸ್ಟಾರ್ಟ್ ಕೂಡ ಆಗಿಲ್ಲ. ಹಳೇ 90 ಇನ್ನೂ ಮೆಮೊರಿಯಲ್ಲೇ ಕೂತಿದೆ. ನನ್ನ ಮೊದಲನೇ ಪೋಸ್ಟ್ ಇನ್ನೊಂದು ಸಲ ಓದಿ. ನಾನೇನೂ ಹೇಳಲ್ಲ.

ಅರೆನಿದ್ರೆ:
ಎರಡೂ ಕೊಟ್ಟೆ. ನಾಲ್ಕು ದೊಡ್ಡ ವರದಿ ಓಡಿಸಿ ನೋಡಿದೆ, ನಾಲ್ಕೇ ಮೇಲ್. ಇಬ್ಬರಿಗೂ ಕೈ ಮುಗಿದೆ.

ಲಾಗ್‌ಓದುಗ:
ಆದರೂ ವರದಿ ಟೇಬಲ್‌ನಲ್ಲಿ ಸೆಂಟ್_ಅಟ್ ಅಂತ ಒಂದು ಕಾಲಂ ಇಡಿ. ಮೇಲ್‌ಗೆ ಮುಂಚೆ, ಅದು ನಲ್ (ಖಾಲಿ) ಇದ್ದರೆ ಮಾತ್ರ ಈಗಿನ ಸಮಯ ತುಂಬೋ ಹಾಗೆ ಒಂದೇ ಅಪ್‌ಡೇಟ್ ಕೊಡಿ. ಒಂದು ಸಾಲೂ ಬದಲಾಗದಿದ್ರೆ ಇನ್ನೊಬ್ಬ ಆಗಲೇ ಕೈ ಹಾಕಿದ್ದಾನೆ ಅಂತ, ವಾಪಸ್ ಬನ್ನಿ. ಮೊದಲು ಓದಿ ಆಮೇಲೆ ಬರೆಯೋ ತರ ಎರಡು ಹೆಜ್ಜೆ ಮಾಡಿದ್ರೆ ಅಲ್ಲೂ ಇಬ್ಬರು ನುಗ್ತಾರೆ.

ರೆಡಿಸ್‌ಬಂಟ:
ವಿತೌಟ್‌ಓವರ್‌ಲ್ಯಾಪಿಂಗ್ ಮಿಡಲ್‌ವೇರ್ (ಒಂದೇ ಜಾಬ್ ಒಟ್ಟೊಟ್ಟಿಗೆ ಓಡದಂತೆ ತಡೆಯೋದು) ಹಾಕಿದ್ರೂ ಆಗತ್ತೆ. ನಂದ್ರಲ್ಲಿ ಎಲ್ಲಾ ಜಾಬ್‌ಗೂ ಇದೆ. ಹಾರಿಜನ್ ಡ್ಯಾಶ್‌ಬೋರ್ಡ್ ಸ್ಕ್ರೀನ್‌ಶಾಟ್ ಹಾಕ್ಲಾ?

ಹಳೇಸರ್ವರ್:
ಬೇಡ.

ಹೊಸಬ್ಯಾಕೆಂಡ್:
ನನಗೂ ಸೇಮ್ ಸಮಸ್ಯೆ, ಆದ್ರೆ ನಂದು ಎಸ್‌ಕ್ಯೂಎಸ್ (ಅಮೆಜಾನ್ ಎಡಬ್ಲ್ಯೂಎಸ್‌ನ ಕ್ಯೂ ಸೇವೆ). ರಿಟ್ರೈ_ಆಫ್ಟರ್ 660 ಹಾಕಿದೆ, ಏನೂ ಬದಲಾಗ್ಲಿಲ್ಲ.

ಲಾಗ್‌ಓದುಗ:
ಎಸ್‌ಕ್ಯೂಎಸ್‌ಗೆ ಆ ಸೆಟ್ಟಿಂಗೇ ಇಲ್ಲ. ಅಲ್ಲಿ ಅದೇ ಕೆಲಸ ಮಾಡೋದು ವಿಸಿಬಿಲಿಟಿ ಟೈಮ್‌ಔಟ್, ಡೀಫಾಲ್ಟ್ 30 ಸೆಕೆಂಡ್, ಎಡಬ್ಲ್ಯೂಎಸ್ ಕಡೆ ಬದಲಾಯಿಸಬೇಕು. ಹೊಸ ಥ್ರೆಡ್ ತೆಗೀರಿ, ಜಾಬ್‌ಗೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಮೊದಲನೇ ಸಾಲಲ್ಲೇ ಬರೀರಿ.

ಹಳೇಸರ್ವರ್:
ರೀಸ್ಟಾರ್ಟ್ ಕೊಟ್ರೋ ಇಲ್ವೋ ಅದನ್ನೂ.